ಎರಡು ವರ್ಷ ಹಿಂದಿನ ಸೀಟು

ಮೆಕ್ಯಾನಿಕ್ ತನ್ನ ಭಾವನ ಬೈಕಿಗೆ ಹಾಕಿದ್ದು ಅದೇ ಮಾಡೆಲ್ಲಿನ, ಆದರೆ ಎರಡು ವರ್ಷ ಹಿಂದಿನ ಸೀಟು. ಮುಂದಿನ ಕೊಕ್ಕೆ ಸಲೀಸಾಗಿ ಕೂತಿತು. ಹಿಂದಿನ ಬೋಲ್ಟಿನ ತೂತು ಮಾತ್ರ ಒಂದು ಬೆರಳಿನಷ್ಟು ಆಚೆ ಬಿತ್ತು. ಅವನು ಅಲ್ಲಿಗೆ ತಂತಿ ಬಿಗಿದು, "ಏನೂ ಆಗಲ್ಲ ಭಾವ, ಕಣ್ಮುಚ್ಕೊಂಡು ಓಡಿಸಿ" ಎಂದಿದ್ದ.

ಮೂರನೇ ದಿನ ರಸ್ತೆಯುಬ್ಬಿನ ಮೇಲೆ ತಂತಿ ಕಡಿದು ಸೀಟು ಜಾರಿತು. ಹಿಂದೆ ಕೂತಿದ್ದ ಮೆಕ್ಯಾನಿಕ್‌ನ ಅಕ್ಕ ಬಿದ್ದು ಸೊಂಟ ಮುರಿದುಕೊಂಡಳು. ಇನ್ನು ನಡೆಯುವುದು ಕಷ್ಟ ಎಂದರು ಡಾಕ್ಟರು.

"ನಾನೇ ಜೋರಾಗಿ ಓಡಿಸಿದ್ದು," ಎಂದು ಭಾವ ಆಸ್ಪತ್ರೆಯಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರು. ಸುಮ್ಮನಿದ್ದುಬಿಡಬಹುದಿತ್ತು, ಆದರೆ ಮೆಕ್ಯಾನಿಕ್‌ಗೆ ತಡೆಯಲಾಗಲಿಲ್ಲ.

"ಇಲ್ಲ ಭಾವ. ಆ ಸೀಟು ಹೊಂದ್ತಿರ್ಲಿಲ್ಲ. ಗೊತ್ತಿದ್ದೂ ತಂತಿ ಕಟ್ಟಿದ್ದೆ."

ಭಾವ ಎದ್ದು ಹೊರಗೆ ಹೋದರು. ಅಕ್ಕ ಸೂರನ್ನೇ ನೋಡುತ್ತಾ ಕೇಳಿದಳು: "ಸರಿಯಾಗಿ ಕೂರಿಸೋಕೆ ಎಷ್ಟು ಹೊತ್ತಾಗ್ತಿತ್ತೋ?"

"ಅರ್ಧ ಗಂಟೆ, ಅಕ್ಕಾ."

ಅವಳು ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡಳು.