ಗಾಜಿನಾಚೆ ಅದಲು ಬದಲು

ಸಿನಿಮಾದ ಕಥೆ ಇಷ್ಟೇ: ಗಂಡ ಹೆಂಡತಿ ಕೆಟ್ಟು ನಿಂತ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೊರಗೆ ಬರುವಷ್ಟರಲ್ಲಿ ಅವನ ಮೈಯಲ್ಲಿ ಅವಳು, ಅವಳ ಮೈಯಲ್ಲಿ ಅವನು. ಹೇಗೆ ಅಂತ ನಿರ್ಮಾಪಕರೇ ಕೇಳಿಲ್ಲ, ಬರೀ ದನಿ ರೆಕಾರ್ಡ್ ಮಾಡಿಕೊಳ್ಳುವ ನಾನು ಯಾಕೆ ತಲೆ ಕೆಡಿಸಿಕೊಳ್ಳಲಿ? ಬೇರೆ ಭಾಷೆಯ ಚಿತ್ರ. ಅದರ ತುಟಿಗಳಿಗೆ ನಮ್ಮ ಮಾತು ಕೂರಿಸುವ ಡಬ್ಬಿಂಗ್ ನಮ್ಮ ಕೆಲಸ.

ನಾಯಕನ ದನಿ ಅಣ್ಣನದು, ನಾಯಕಿಯದು ಅತ್ತಿಗೆಯದು. ಅವರು ನನಗೆ ನೆಂಟರಲ್ಲ. ಆದರೆ ಹದಿನೆಂಟು ವರ್ಷ ಸ್ಟುಡಿಯೋದ ಒಂದೇ ಗಾಜಿನ ಆಚೆ ಈಚೆ ಕೂತವರನ್ನು ಬೇರೆ ಏನಂತ ಕರೆಯುವುದು? ಅವರು ನಿಜವಾಗಿಯೂ ಗಂಡ ಹೆಂಡತಿ. ಈ ಚಿತ್ರ ಮುಗಿದ ಮರುದಿನವೇ ತಮ್ಮ ಅಕ್ಕನ ಮನೆಗೆ ಹೋಗುವುದಾಗಿಯೂ ವಾಪಸು ಬರುವುದಿಲ್ಲವೆಂದೂ ಅತ್ತಿಗೆ ನನ್ನ ಹತ್ತಿರ ಹೇಳಿದ್ದರು. ಅಣ್ಣನಿಗೆ ಇನ್ನೂ ಹೇಳಿರಲಿಲ್ಲ. ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ವಾರದಿಂದ ನನಗೆ ಊಟವೇ ಸೇರುತ್ತಿರಲಿಲ್ಲ.

ಅದಲು ಬದಲಾದ ಮೇಲಿನ ದೃಶ್ಯಗಳು ಬಂದವು. ದನಿ ಮೈಯದು, ಮಾತಿನ ಧಾಟಿ ಮಾತ್ರ ಒಳಗೆ ಕೂತವರದು ಅಂತ ಡಬ್ಬಿಂಗ್ ನಿರ್ದೇಶಕರ ತೀರ್ಮಾನ. ಅಣ್ಣ ಹೆಂಗಸು ಅಂದರೆ ನುಲಿಯುವುದು ಅಂದುಕೊಂಡು ನುಲಿದರು. ಅತ್ತಿಗೆ ಗಂಡಸು ಅಂದರೆ ಕೆಮ್ಮುವುದು ಅಂದುಕೊಂಡು ಕೆಮ್ಮಿದರು. ನಿರ್ದೇಶಕರು ಹಣೆ ಚಚ್ಚಿಕೊಂಡು ಅಣ್ಣನಿಗೆ ಹೇಳಿದರು:

"ಈ ವೇಷ ಬೇಡ. ಮನೇಲಿ ಅವರು ಹೇಗೆ ಮಾತಾಡ್ತಾರೋ ಹಾಗೆ ನೀವು ಮಾತಾಡಿ. ನಿಮ್ಮ ಹಾಗೆ ಅವರು ಮಾತಾಡಲಿ. ಅಷ್ಟೇ."

ಮೊದಲು ಅತ್ತಿಗೆ ನಿಂತರು. ಎದುರಿನವರ ಮಾತು ಮುಗಿಯುವ ಮೊದಲೇ ಶುರು ಮಾಡಿದರು. ಹಾಳೆಯಲ್ಲಿ ಇಲ್ಲದ "ಗೊತ್ತು ಬಿಡು", "ಅದೇ ತಾನೇ" ಎಲ್ಲ ತೂರಿಸಿದರು. ನಾಯಕಿಯ ತುಟಿ ತೆರೆಯುವ ಮುಂಚೆಯೇ ಮಾತು ಬಂದು ಕೂತಿತ್ತು. ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ಅವರಿಗಿಂತ ಜೋರಾಗಿ ನಕ್ಕರು, ಅದು ತಮ್ಮದೇ ಧಾಟಿ ಅಂತ ಹೊಳೆಯದೆ. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು.

ಅಣ್ಣನ ಸರದಿ. ತೆರೆಯ ಮೇಲೆ ನಾಯಕ, ಅಂದರೆ ಒಳಗಿರುವ ಹೆಂಡತಿ, ಊಟದ ಮೇಜಿನ ಮುಂದೆ ಗಂಡನಿಗೆ ಬುದ್ಧಿ ಹೇಳುವ ಉದ್ದನೆಯ ಮಾತು. "ನಿಮಗೊಂದು ವಿಷಯ ಹೇಳ್ಬೇಕಿತ್ತು, ಏನಂದ್ರೆ..." ಅಂದ ಅಣ್ಣ ನಿಲ್ಲಿಸಿದರು. ನಾಯಕನ ತುಟಿ ಇನ್ನೂ ನಾಲ್ಕು ಸೆಕೆಂಡು ಸುಮ್ಮನೆ ಆಡಿತು. ಹಾಳೆ ತಿರುವಲು ನಿಂತರೇನೋ ಅಂದುಕೊಂಡೆ. ಇನ್ನೊಮ್ಮೆ ರೆಕಾರ್ಡ್ ಮಾಡಿದರೂ ಅಲ್ಲಿಗೇ ನಿಂತರು, ಮೂರನೆಯ ಸಲವೂ ಅಷ್ಟೇ. ಕೊನೆಯ ಅಕ್ಷರವನ್ನು ನುಂಗುವುದು ಕೂಡ ಅತ್ತಿಗೆಯದೇ ರೀತಿ. ಇಷ್ಟು ವರ್ಷದಲ್ಲಿ ಅಣ್ಣ ಇಷ್ಟು ಚೆನ್ನಾಗಿ ಮಾಡಿದ್ದೇ ಇಲ್ಲ, ಆದರೆ ಉಪಯೋಗಕ್ಕೆ ಬರುವಂತಿರಲಿಲ್ಲ.

ಉಳಿದ ಮಾತು ಎಲ್ಲಿ, ಹಾಳೆಯಲ್ಲಿ ಇದೆಯಲ್ಲ ಅಂತ ನಿರ್ದೇಶಕರು ಕೇಳಿದರು.

"ಇದೆ. ಆದ್ರೆ ಇವಳು ಮಾತಾಡೋದೇ ಹೀಗೆ," ಅಂದರು ಅಣ್ಣ. "ಅರ್ಧಕ್ಕೇ ನಿಲ್ಲಿಸ್ತಾಳೆ."

"ಯಾಕೆ?"

ಅಣ್ಣ ಹಾಳೆಯಲ್ಲಿ ಏನೋ ಹುಡುಕಿದರು. ಆಮೇಲೆ ಹೆಡ್‌ಫೋನ್ ತೆಗೆದು ಸ್ಟ್ಯಾಂಡಿಗೆ ನೇತು ಹಾಕಿದರು.

"ಮುಗಿಸೋಕೆ ನಾನು ಬಿಡಲ್ಲ," ಅಂದರು.

ಅದೇ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತಿಗೆ ತಲೆ ಎತ್ತಿದರು.

"ನಾಳಿದ್ದು ನಾನು ಅಕ್ಕನ ಮನೆಗೆ ಹೋಗ್ತಿದೀನಿ. ವಾಪಸ್ ಬರೋ ಯೋಚನೆ ಇಲ್ಲ."

ಅಣ್ಣನ ಬಾಯಿ ತನ್ನಷ್ಟಕ್ಕೆ ತೆರೆಯಿತು. ಅವರು ಅಂಗೈಯಿಂದ ಅದನ್ನು ಮುಚ್ಚಿ ಹಿಡಿದರು. ಅತ್ತಿಗೆ ಹೇಳುತ್ತಾ ಹೋದರು, ಅವಸರವಿಲ್ಲದೆ, ಒಂದಾದ ಮೇಲೊಂದು. ತಾಯಿಗೆ ಹುಷಾರಿಲ್ಲದಾಗ ಹೇಳಬೇಕೆಂದಿದ್ದದ್ದು, ಮನೆ ಬದಲಿಸುವಾಗ ಹೇಳಬೇಕೆಂದಿದ್ದದ್ದು, ಹೋದ ತಿಂಗಳು ಹೇಳಬೇಕೆಂದಿದ್ದದ್ದು. ನಿರ್ದೇಶಕರು ಗಡಿಯಾರ ನೋಡಿದರು. ನಾನು ಅವರನ್ನು ದುರುಗುಟ್ಟಿ ನೋಡಿದೆ.

ಅತ್ತಿಗೆ ಉಸಿರು ತೆಗೆದುಕೊಳ್ಳಲು ನಿಂತರು. ಅಣ್ಣ ಕೈ ಇಳಿಸಿ, ಮುಗಿಯಿತಾ ಅಂತ ಮೆಲ್ಲಗೆ ಕೇಳಿದರು.

"ಇಲ್ಲ," ಅಂದರು ಅತ್ತಿಗೆ.

ಅಣ್ಣ ಮತ್ತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.