ಒಂಬತ್ತನೆಯ ದಿನ ಹೊರಬಂದ ಕುಂಡಗಳು

ಅವಳು ಕುಂಡ ಎತ್ತಿದ್ದು ಅಂಗಳ ಗುಡಿಸುವುದಕ್ಕೆಂದು. ಅದರ ಕೆಳಗಿನ ತಟ್ಟೆಯ ಒದ್ದೆ ಮಣ್ಣಿನಲ್ಲಿ ಕಪ್ಪು ರಿಬ್ಬನ್ನಿನ ತುಂಡೊಂದು ಬಿದ್ದಂತಿತ್ತು. ಪೊರಕೆಯ ಕಡ್ಡಿಯಿಂದ ತಳ್ಳಲು ಹೋದಳು. ತುಂಡು ತನ್ನ ಒಂದು ತುದಿಯನ್ನು ಮೊನಚು ಮಾಡಿಕೊಂಡು ಬೆಳಕಿನಿಂದ ಆಚೆಗೆ ಮೆಲ್ಲಗೆ ಜರುಗತೊಡಗಿತು. ಬೆನ್ನಿನ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ.

ಆ ಗೆರೆಯನ್ನು ಅವಳು ಹನ್ನೊಂದು ವರ್ಷದಿಂದ ದಿನವೂ ನೋಡುತ್ತಿದ್ದಳು, ಆದರೆ ಕಾಗದದ ಮೇಲೆ. ಕೆಲಸದ ಜಾಗದಲ್ಲಿ ಕೈತೊಳೆಯುವ ಬೇಸಿನ್ನಿನ ಮೇಲೆ ಅಂಟಿಸಿದ್ದ ಚಿತ್ರದಲ್ಲಿ ಇದೇ ಹುಳು ಇತ್ತು. ಕೆಳಗೆ ದಪ್ಪಕ್ಷರದಲ್ಲಿ, ‘ಕಂಡರೆ ಮುಟ್ಟಬೇಡಿ, ತಕ್ಷಣ ತಿಳಿಸಿ’ ಎಂದು ಬರೆದಿತ್ತು. ಇಷ್ಟು ವರ್ಷಗಳಲ್ಲಿ ದ್ವೀಪದ ಯಾರೂ ಅದನ್ನು ಕಂಡಿರಲಿಲ್ಲ.

ನಲ್ಲಿಯ ಪಕ್ಕದಲ್ಲಿದ್ದ ಚೊಂಬನ್ನು ಅದರ ಮೇಲೆ ಕವುಚಿ, ಓಡಿಹೋಗಬಹುದೇನೋ ಎಂಬಂತೆ ಒತ್ತಿ ಹಿಡಿದುಕೊಂಡು ಕೂತಳು.

“ರೀ, ಸ್ವಲ್ಪ ಬನ್ನಿ ಇಲ್ಲಿ.”

ಮನೆಯ ಮುಂದಿನ ಅರ್ಧ ಎಕರೆಯಲ್ಲಿ ಗಂಡನ ನರ್ಸರಿ. ಊರಿನವರಿಗೆಲ್ಲ ಅವನು ಕುಂಡದಣ್ಣ. ಊರಿನ ಯಾವ ಜಗಲಿಯ ಮೇಲೆ ಗಿಡವಿದ್ದರೂ ಅದು ಅವನ ಕೈಯಿಂದಲೇ ಹೋದದ್ದು. ಅವಳ ಕೆಲಸ ಬಂದರಿನ ರಸ್ತೆಯ ಎರಡು ಕೋಣೆಯ ಕಟ್ಟಡದಲ್ಲಿ. ಊರು ಅದನ್ನು ಹುಳುಮನೆ ಎನ್ನುತ್ತಿತ್ತು. “ನಮ್ಮನೆಯವಳಿಗೆ ಬಸವನಹುಳು ಮೇಯಿಸೋ ಕೆಲಸ,” ಎಂದು ಗಂಡ ಗಿರಾಕಿಗಳ ಮುಂದೆ ಹೇಳುತ್ತಿದ್ದ. “ತಪ್ಪಿಸ್ಕೊಂಡು ಓಡಿಹೋಗ್ತಾವೆ ಅನ್ನೋ ಭಯ ಒಂದಿಲ್ಲ, ನೋಡಿ.”

ಮರದ ಎಲೆಗಳ ಮೇಲೆಯೇ ಹುಟ್ಟಿ, ಎಲೆಯ ಮೇಲಿನ ಬೂಷ್ಟನ್ನು ನೆಕ್ಕಿ ಬದುಕುವ, ಉಗುರಿನಷ್ಟು ಗಾತ್ರದ ಆ ಬಸವನಹುಳುಗಳು ಈ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ. ಅವಳ ಅಜ್ಜಿಯ ಕಾಲದಲ್ಲಿ ಕೊಂಬೆ ಅಲುಗಿಸಿದರೆ ಮೊಗ್ಗಿನಂತೆ ಉದುರುತ್ತಿದ್ದವಂತೆ. ಮೊದಲು ಹಡಗುಗಳಲ್ಲಿ ಇಲಿ ಬಂತು. ಆಮೇಲೆ ಯಾರೋ ತಿನ್ನಲೆಂದು ದೊಡ್ಡ ಬಸವನಹುಳು ತಂದರು. ಅದು ತೋಟಗಳನ್ನು ಮೇಯತೊಡಗಿದಾಗ, ಅದನ್ನು ಹಿಡಿದು ತಿನ್ನಲಿ ಎಂದು ಇನ್ನೊಂದು ಜಾತಿಯದನ್ನು ತಂದು ಬಿಟ್ಟರು. ಕಳ್ಳನನ್ನು ಹಿಡಿಯಲು ಕಳ್ಳನನ್ನೇ ಕರೆಸಿದ ಹಾಗಾಯಿತು. ಅದು ದೊಡ್ಡದರ ತಂಟೆಗೆ ಹೋಗದೆ ಚಿಕ್ಕವನ್ನು ಮುಗಿಸಿತು. ಈಗ ಉಳಿದಿರುವುದು ಮೇಲಿನ ಕಣಿವೆಯ ಬೇಲಿಯೊಳಗೆ ಇನ್ನೂರರಷ್ಟು, ಹುಳುಮನೆಯ ಗಾಜಿನ ಪೆಟ್ಟಿಗೆಗಳಲ್ಲಿ ನಲವತ್ತಮೂರು.

ಗಂಡ ಸಣ್ಣ ಸಲಿಕೆ ಹಿಡಿದುಕೊಂಡೇ ಬಂದ. “ಏನೇ, ಹಾವಾ?”

ಅವಳು ಚೊಂಬು ಎತ್ತಿದಳು. ಬಾಯಿ ತೆರೆಯುವಷ್ಟರಲ್ಲಿ ಸಲಿಕೆ ಕಚ್ಚೆಂದು ಬಿದ್ದಿತ್ತು.

“ಅಯ್ಯೋ, ಕತ್ತರಿಸಬೇಡಿ ಅಂತಿದ್ದೆ!”

“ಯಾಕೆ? ಸತ್ತೋಯ್ತಲ್ಲ.”

ಸತ್ತಿರಲಿಲ್ಲ. ಎರಡು ತುಂಡುಗಳೂ ಒಂದರ ಗೊಡವೆ ಒಂದಕ್ಕಿಲ್ಲದಂತೆ ಎರಡು ದಿಕ್ಕಿಗೆ ಹೊರಟಿದ್ದವು.

“ಎರಡು ಮಾಡಿದ್ರೆ ಎರಡಾಗುತ್ತೆ ರೀ. ಮೂರು ಮಾಡಿದ್ರೆ ಮೂರು. ಮರ ಹತ್ತುತ್ತೆ. ಬಸವನಹುಳುವಿನ ವಾಸನೆ ಹಿಡಿದು ಹೋಗಿ ಚಿಪ್ಪಿನೊಳಗಿಂದಲೇ ಹೀರಿಬಿಡುತ್ತೆ.”

ಅವನು ಸಲಿಕೆಯ ಅಲಗನ್ನು ಒಮ್ಮೆ ನೋಡಿ ದೂರ ಹಿಡಿದುಕೊಂಡ. ಅವಳು ಒಳಗೆ ಓಡಿ, ಕಾಫಿಗೆಂದು ಇಟ್ಟಿದ್ದ ನೀರು ಕುದಿಯುವವರೆಗೆ ಒಲೆಯ ಮುಂದೆ ನಿಂತು, ತಂದು ಸುರಿದಳು. ತುಂಡುಗಳು ಸುರುಟಿಕೊಂಡು ಬೂದುಬಣ್ಣಕ್ಕೆ ತಿರುಗಿದವು.

“ಇದು ಆ ಹಡಗಿನಲ್ಲಿ ಬಂದ ಲಾಟಿಂದು,” ಅಂದಳು.

ಅವನು ಉಳಿದ ಕುದಿನೀರನ್ನು ಸಲಿಕೆಯ ಅಲಗಿನ ಮೇಲೆ ಹುಯ್ದುಕೊಂಡ. ಎರಡು ತಿಂಗಳ ಹಿಂದೆ ಆಚೆ ದಡದಿಂದ ನಲವತ್ತು ಕುಂಡ ತರಿಸಿದ್ದ. ಹೊರಗಿನಿಂದ ಬಂದ ಗಿಡವನ್ನು ಹದಿನಾಲ್ಕು ದಿನ ಬಲೆಯ ಶೆಡ್ಡಿನಲ್ಲಿ ಬೀಗ ಹಾಕಿಡಬೇಕು ಎಂಬುದು ಕಾನೂನು. ಒಂಬತ್ತನೆಯ ದಿನ ಹೊಸ ಆಸ್ಪತ್ರೆಯವರು ಬಂದು, ನಾಳೆಯೇ ಉದ್ಘಾಟನೆ, ಬಾಗಿಲಲ್ಲಿ ಹಸಿರು ಬೇಕೇ ಬೇಕು ಎಂದು ಕೂತರು. ಅವನು ಬೀಗದ ಕೈ ಹಿಡಿದುಕೊಂಡು ಹಿಂದೆ ಮುಂದೆ ನೋಡುತ್ತಿದ್ದ. ಆಗ, “ಇನ್ನೈದು ದಿನ ತಾನೇ. ಎಲೆ ನೋಡಿದ್ರೆ ಚೆನ್ನಾಗೇ ಇವೆ, ಕೊಟ್ಟುಬಿಡಿ,” ಎಂದವಳು ಅವಳೇ. ಇಡೀ ಊರಿನಲ್ಲಿ ಆ ಮಾತು ಆಡಬಾರದಿದ್ದವಳು ಅವಳೊಬ್ಬಳು.

“ಒಂದೇ ಹುಳ,” ಗಂಡ ತಗ್ಗಿದ ದನಿಯಲ್ಲಿ ಹೇಳಿದ. “ಸುಟ್ಟು ಹಾಕಿದ್ದೀಯ. ಇದನ್ನ ಹೊರಗೆ ಹೇಳಿದ್ರೆ ತೋಟಾನೇ ಸುಡ್ತಾರೆ. ಹದಿನಾರು ವರ್ಷದ್ದು. ನಿನ್ನ ಕೆಲಸಾನೂ ಹೋಗುತ್ತೆ, ಯೋಚನೆ ಮಾಡಿದ್ದೀಯಾ?”

“ಹುಳುಮನೆ ಬಾಗಿಲಲ್ಲಿ ಒಂದು ಜರೀಗಿಡ ಇಟ್ಟಿದ್ದೀನಿ ರೀ. ಅದೇ ಲಾಟಿಂದು.”

ಅವನು ಕಟ್ಟೆಯ ಮೇಲೆ ಕುಸಿದು ಕೂತ. “ನಾನೇ ಹೋಗಿ ಆ ಕುಂಡ ಎತ್ಕೊಂಡು ಬರ್ತೀನಿ. ಇವತ್ತು ಭಾನುವಾರ. ಯಾರಿಗೂ ಗೊತ್ತಾಗಲ್ಲ,” ಅಂದ.

ಸುಳ್ಳು ಹೇಳಬಾರದು, ಆ ಮಾತು ಕೇಳಿ ಅವಳಿಗೆ ಹಾಯೆನಿಸಿತು. ಹಾಲು ಉಕ್ಕುವಷ್ಟು ಹೊತ್ತು ಹಾಗೆಯೇ ಅನಿಸುತ್ತಲೂ ಇತ್ತು.

ಹಿತ್ತಲ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದರು: “ಏನದು, ಪೈಪಿನ ಹತ್ತಿರ ಇರ್ತಾವಲ್ಲ, ಆ ಕಪ್ಪು ಜಿಗಣೆಯಂಥವಾ? ಹೋದ ವಾರದಿಂದ ನೋಡ್ತಾ ಇದ್ದೀನಿ. ಒಂದೆರಡಕ್ಕೆ ಉಪ್ಪು ಹಾಕಿದೆ. ಉಳಿದವು ಮೋರಿ ಕಡೆ ಹೋದ್ವು.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹುಳು ಅಂಟಿರಬಹುದೆಂದು ಅವಳು ಚಪ್ಪಲಿಯ ಮೇಲೆ ಕುದಿನೀರು ಹುಯ್ದಳು. ಅಟ್ಟೆ ಬಿಟ್ಟುಕೊಂಡು ಬಾಯಿ ತೆರೆಯಿತು. ಕಾಲು ಉಜ್ಜಿ ತೊಳೆದು ಬರಿಗಾಲಲ್ಲೇ ಹೊರಟಳು. ಗಂಡ ಕರೆಯಲಿಲ್ಲ, ತಡೆಯಲೂ ಇಲ್ಲ.

ಹುಳುಮನೆಯ ಮೇಡಂಗೆ ಭಾನುವಾರವೆಂಬುದು ಇರಲಿಲ್ಲ. ಅವಳಿಗಿಂತ ಎಂಟು ವರ್ಷ ಚಿಕ್ಕವರು. ಎಷ್ಟೋ ಓದಿದವರಾದರೂ ಮೊದಲ ದಿನದಿಂದ ಅವಳನ್ನು ಅಕ್ಕ ಎಂದೇ ಕರೆದಿದ್ದರು. ಗೇಟಿನ ಸದ್ದಿಗೆ ಟೀ ಲೋಟ ಹಿಡಿದು ಹೊರಗೆ ಬಂದರು.

“ಯಾಕಕ್ಕ, ಇವತ್ತು ರಜೆ ಅಲ್ವಾ? ಬನ್ನಿ ಒಳಗೆ.”

“ನಾನು ಒಳಗೆ ಬರಲ್ಲ ಮೇಡಂ. ನೀವು ಆ ಜರೀಗಿಡದ ಹತ್ತಿರ ನಿಲ್ಲಬೇಡಿ.”

ಗೇಟಿನ ಹೊರಗೆ ನಿಂತೇ ಎಲ್ಲ ಹೇಳಿದಳು. ಕುಂಡ, ಬಿಳಿ ಗೆರೆ, ಮೋರಿಯ ಕಡೆ ಹೋದವು, ಬೀಗ, ಒಂಬತ್ತನೆಯ ದಿನ. “ಅವರು ಬೇಡ ಅಂತಲೇ ಇದ್ರು. ಕೊಟ್ಟುಬಿಡಿ ಅಂದಿದ್ದು ನಾನು,” ಎಂದಳು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಳಗಿನಿಂದ ಬಿಸಿನೀರಿನ ಕೆಟಲ್ ತಂದು, ಉದ್ದನೆಯ ಇಕ್ಕಳದಿಂದ ಕುಂಡವನ್ನು ವಾಲಿಸಿದರು. ಕೆಳಗೆ ಹುಳು ಇರಲಿಲ್ಲ. ಅಂಗಳದಲ್ಲಿ ಓಡಾಡಿಕೊಂಡಿರುವ ಮಾಮೂಲಿ ಬಸವನಹುಳುಗಳ ಚಿಪ್ಪು ಐದಾರು ಬಿದ್ದಿದ್ದವು. ಒಳಗೆ ಏನೂ ಇಲ್ಲದೆ, ಯಾರೋ ತೊಳೆದು ಬೋರಲು ಹಾಕಿದ ಬಟ್ಟಲುಗಳಂತೆ.

ಕುಂಡದಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ಬಾಗಿಲಡಿಯ ರಬ್ಬರು ಪಟ್ಟಿ ಒಂದು ಮೂಲೆಯಲ್ಲಿ ಸವೆದದ್ದು ಇಬ್ಬರಿಗೂ ಗೊತ್ತಿತ್ತು. ಹೊಸದಕ್ಕೆ ಬರೆದು ತಿಂಗಳಾಗಿತ್ತು. ಮೇಡಂ ಕಾಲು ತೊಳೆದು, ಬಟ್ಟೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಒಳಗೆ ಹೋದರು. ಅವಳು ಗೇಟು ಬಿಟ್ಟು, ಕಾಂಪೌಂಡಿನ ಹೊರಗಿನಿಂದಲೇ ಸುತ್ತಿಬಂದು, ಬಲೆ ಹಾಕಿದ ಕಿಟಕಿಗೆ ಎದುರಾಗಿ ನಿಂತಳು. ಮುಚ್ಚಳ ತೆಗೆಯುವ ಸದ್ದು, ಆಮೇಲೆ ಎಣಿಸುವ ದನಿ.

“ಒಂದನೇ ಪೆಟ್ಟಿಗೆ, ಏಳು... ಎರಡನೇದು, ಆರು.”

ಎಣಿಕೆ ಅವಳ ದಿನನಿತ್ಯದ ಕೆಲಸ. ಯಾವುದು ಎಲ್ಲಿ ಮಲಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಇವತ್ತು ಒಂದೊಂದು ಅಂಕಿಯನ್ನೂ ಹೊರಗೆ ನಿಂತು ಕೂಡಿಸಿಕೊಳ್ಳುತ್ತಿದ್ದಳು.

“ನಲವತ್ತು. ನಲವತ್ತೊಂದು. ನಲವತ್ತೆರಡು.”

ಅಲ್ಲಿಗೆ ನಿಂತಿತು.

“ಮೇಡಂ?”

“ನಲವತ್ತೆರಡೇ ಅಕ್ಕ. ಆರನೇ ಪೆಟ್ಟಿಗೆಯಲ್ಲಿ ಒಂದು ಇಲ್ಲ.”

“ಚಿಪ್ಪಲ್ಲಿ ಪಟ್ಟೆ ಇರೋ ಮುದುಕ ಇದಾನಾ? ಮುಚ್ಚಳದ ಅಂಚು ನೋಡಿ.”

“ನೋಡಿದೆ. ಇಲ್ಲ.”

“ನೀರು ಚಿಮುಕಿಸೋ ನಳಿಗೆಯ ಹಿಂದೆ?”

“ಇಲ್ಲ ಅಕ್ಕ.”

ಅವಳು ಕಾಂಪೌಂಡಿನ ಕಲ್ಲಿಗೆ ಹಣೆ ಒತ್ತಿದಳು. ನಿನ್ನೆ ಎಲೆ ಹಾಕಿದ್ದು ಯಾವಾಗ, ಯಾವ ಕೊಂಬೆ? “ನಿನ್ನೆಯ ಎಲೆಗಳಲ್ಲಿ ಒಂದು ಒಣಗಿ ಸುರುಳಿ ಸುತ್ತಿಕೊಂಡಿತ್ತು. ತೆಗೆಯಬೇಕು ಅಂದ್ಕೊಂಡು ಬಿಟ್ಟೆ. ಅದನ್ನ ಬಿಡಿಸಿ. ಮೆಲ್ಲಗೆ, ಮೇಡಂ, ಮೆಲ್ಲಗೆ.”

ಒಣಎಲೆಯ ಸದ್ದು ಅಷ್ಟು ದೂರಕ್ಕೆ ಕೇಳಿಸುವಂಥದ್ದಲ್ಲ. ಆದರೂ ಅವಳು ಕಿವಿಗೊಟ್ಟಳು.

“ಇದೆ,” ಮೇಡಂ ಹೇಳಿದರು. ಬಹಳ ಹೊತ್ತಿನ ಮೇಲೆ, “ಕೊಂಬು ಹೊರಗೆ ಹಾಕ್ತಾ ಇದೆ,” ಎಂದೂ ಹೇಳಿದರು.

ಹೊರಗೆ ಬಂದಾಗ ಅವರ ಮುಖದಲ್ಲಿ ನೆಮ್ಮದಿ ಇರಲಿಲ್ಲ. “ಇವತ್ತಿಗೆ ಇದಾವೆ. ನಾಳೆದು ಗೊತ್ತಿಲ್ಲ. ನಾನು ಹೇಳೋವರೆಗೂ ನೀವು ಒಳಗೆ ಬರೋ ಹಾಗಿಲ್ಲ ಅಕ್ಕ.” ಕೋಟಿನ ಜೇಬಿನಿಂದ ಪೆನ್ನು ತೆಗೆದು, “ಉಳಿದ ಮೂವತ್ತೊಂಬತ್ತು ಕುಂಡ ಎಲ್ಲಿವೆ?” ಎಂದರು.

ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಹುಳುಮನೆಯ ಬೀಗದ ಕೈಯನ್ನು ಗೇಟಿನ ಕಂಬದ ಮೇಲಿಟ್ಟಳು.

ಮನೆಗೆ ಬಂದರೆ ಅಂಗಳದಲ್ಲಿ ಮೂರು ಒಲೆ ಉರಿಯುತ್ತಿದ್ದವು. ಮನೆಯಲ್ಲಿದ್ದ ದೊಡ್ಡ ಪಾತ್ರೆಗಳೆಲ್ಲ ಹೊರಗೆ ಬಂದಿದ್ದವು. ಅತ್ತೆ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕಟ್ಟಿಗೆ ಒಟ್ಟುತ್ತಿದ್ದರು. “ಇಷ್ಟೊಂದು ನೀರು ಕಾಯಿಸಿದ್ದು ಇವನು ಹುಟ್ಟಿದಾಗಲೇ,” ಅಂದರು. “ಆಗ ಕಾಯಿಸಿದವಳು ನಾನಲ್ಲ, ನಮ್ಮತ್ತೆ. ನನ್ನ ಸರದಿ ಈಗ ಬಂತು ನೋಡು.”

“ಹೇಳಿ ಬಂದ್ಯಾ?” ಗಂಡ ಅವಳ ಕಡೆ ನೋಡದೆ ಕೇಳಿದ.

“ಹೇಳ್ದೆ.”

“ಹ್ಞೂಂ.” ಬೆರಳು ಮಡಚಿ ಎಣಿಸತೊಡಗಿದ. “ಆಸ್ಪತ್ರೆಗೆ ಹನ್ನೆರಡು. ಶಾಲೆಗೆ ನಾಲ್ಕು. ದರ್ಜಿ ಅಂಗಡಿಗೆ ಎರಡು...”

ಕುಂಡಗಳನ್ನು ವಾಪಸು ತರಲು ಮೂರು ದಿನ ಹಿಡಿಯಿತು. “ಕುಂಡದಣ್ಣ ಕೊಟ್ಟಿದ್ದನ್ನ ಕಿತ್ಕೊಳ್ಳೋದೂ ಕಲಿತ,” ಎಂದು ಮೊದಲ ದಿನ ದರ್ಜಿ ನಕ್ಕ. ಎರಡನೆಯ ದಿನದ ಹೊತ್ತಿಗೆ ಸುದ್ದಿ ಹರಡಿತ್ತು, ಯಾರೂ ನಗಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ ಕುಂಡಗಳನ್ನು ಗೇಟಿನ ಹೊರಗೆ ಇಟ್ಟು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಹನ್ನೊಂದು ಕುಂಡಗಳಡಿ ಹುಳು ಸಿಕ್ಕಿತು. ಅಧಿಕಾರಿಗಳು ಬಂದು ಬಲೆಯ ಶೆಡ್ಡಿನ ಬೀಗ ನೋಡಿದರು, ಬರೆದುಕೊಂಡರು. ನರ್ಸರಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಸುವ ಮುಂಚೆ ಗಂಡ ಒಂದೊಂದು ಗಿಡಕ್ಕೂ ತಾನೇ ಕುದಿನೀರು ಹುಯ್ದ. ಆಳುಗಳು ಮಾಡುತ್ತೇವೆಂದರೂ ಕೊಡಲಿಲ್ಲ. ಸಂಜೆ ಅವನ ಎರಡೂ ಅಂಗೈಗಳಲ್ಲಿ ಬೊಬ್ಬೆ ಎದ್ದಿತ್ತು. ಅವಳು ಬೆಣ್ಣೆ ಸವರಲು ಹೋದಾಗ ಕೈ ಹಿಂದಕ್ಕೆಳೆದುಕೊಂಡ, ಆಮೇಲೆ ಚಾಚಿದ.

“ನಲವತ್ತನೇದು ನೆನಪಾಗ್ತಾ ಇಲ್ಲ,” ಅಂದ.

ರಾತ್ರಿಯೆಲ್ಲ ಇಬ್ಬರೂ ನೆನಪಿನಲ್ಲಿ ಅದನ್ನೇ ಹುಡುಕಿದರು. ಬೆಳಿಗ್ಗೆ ಹಲ್ಲುಜ್ಜುವಾಗ ಅವನಿಗೆ ಹೊಳೆಯಿತು. ಅದನ್ನು ಕೊಂಡವರಿಲ್ಲ. ಅವನೇ ಪ್ರೀತಿಗೆಂದು ಕೊಟ್ಟದ್ದು, ಮೇಲಿನ ಕಣಿವೆಯ ಬೇಲಿ ಕಾಯುವವನಿಗೆ. ಅವನ ಮನೆಯಿಂದ ಬೇಲಿಗೆ ಇನ್ನೂರು ಹೆಜ್ಜೆ.

ಆ ಕುಂಡದ ಕೆಳಗೂ ಒಂದು ಇತ್ತು.

ಮೇಡಂ ಆ ಮನೆಯಿಂದ ಬೇಲಿಯವರೆಗೆ ಅರವತ್ತು ಮರದ ಹಲಗೆಗಳನ್ನು ಸಾಲಾಗಿ ಹಾಸಿಸಿದರು. ರಾತ್ರಿ ತಿರುಗಾಡಿದ ಹುಳು ಬೆಳಗಾಗುತ್ತಲೇ ತಂಪು ಹುಡುಕಿಕೊಂಡು ಹಲಗೆಯಡಿ ಸೇರುತ್ತದೆ. ಬಿಸಿಲೇರುವ ಮುಂಚೆ ದಿನವೂ ಅರವತ್ತನ್ನೂ ಎತ್ತಿ ನೋಡಬೇಕು, ಒಂದು ವರ್ಷ. “ಯಾರು ನೋಡ್ತೀರಿ?” ಎಂದು ಕೇಳಿದಾಗ ಗಂಡ, “ನಾವು,” ಅಂದ. ಅವಳನ್ನೂ ಸೇರಿಸಿ ಹೇಳಿದ್ದು ಅವಳಿಗೆ ಆಮೇಲೆ ಹೊಳೆಯಿತು.

ಆರನೆಯ ದಿನ ಮೂರನೆಯ ಹಲಗೆಯಡಿ ಒಂದು ಸಿಕ್ಕಿತು. ಹದಿನಾಲ್ಕನೆಯ ದಿನ ಇಪ್ಪತ್ತೆರಡನೆಯ ಹಲಗೆಯಡಿ ಒಂದು. ಅಷ್ಟು ಮುಂದಕ್ಕೆ ಬಂದಿತ್ತು. ಆಮೇಲೆ ಐದು ದಿನ ಏನೂ ಇಲ್ಲ. ಏನೂ ಇಲ್ಲದ ದಿನಗಳು ಸಿಕ್ಕಿದ ದಿನಗಳಿಗಿಂತ ಕೆಟ್ಟವು ಎಂದು ಇಬ್ಬರಿಗೂ ಅನಿಸುತ್ತಿತ್ತು. 

ಇಪ್ಪತ್ತನೆಯ ಬೆಳಿಗ್ಗೆ ಅವಳು ಹಲಗೆ ಎತ್ತಿದಳು, ಗಂಡ ಕೆಟಲ್ ಬಗ್ಗಿಸಿ ಕಾದು ನಿಂತ. ಬೆಳಕು ಕಾಣದೆ ಬಿಳಿಚಿಕೊಂಡ ಹುಲ್ಲು ನೆಲಕ್ಕೆ ಒತ್ತಿ ಮಲಗಿತ್ತು. ಒಂದು ಎರೆಹುಳು ಅವಸರದಿಂದ ಮಣ್ಣಿಗಿಳಿಯಿತು. ಬೇರೇನೂ ಇರಲಿಲ್ಲ.

“ಎಷ್ಟನೇದು?”

“ನಲವತ್ತೇಳು.”

ಅವಳು ಹಲಗೆಯನ್ನು ಇದ್ದ ಹಾಗೆಯೇ ಮಲಗಿಸಿದಳು. ಬೇಲಿಯಾಚೆಯ ಮರಗಳು ಇನ್ನೂ ನೆರಳಿನಲ್ಲಿದ್ದವು. ಗಂಡ ಮುಂದಿನ ಹಲಗೆಯ ಕಡೆಗೆ ಹೊರಟಿದ್ದ. ದಪ್ಪ ಆಳು, ನಡೆದರೆ ಮನೆಯ ಪಾತ್ರೆ ಅಲುಗಬೇಕು. ಈಗ ಒಂದೊಂದು ಹೆಜ್ಜೆಯನ್ನೂ ಮೊಣಕಾಲವರೆಗೆ ಎತ್ತಿ, ನೆಲ ನೋಡಿಕೊಂಡು, ಎಲ್ಲರೂ ಮಲಗಿರುವ ಮನೆಯಲ್ಲಿ ಎದ್ದು ಓಡಾಡುವವನಂತೆ ಇಡುತ್ತಿದ್ದ.