ಒಂದು ಹಿಡಿ ಮಣ್ಣು, ಒಂದು ಕಲ್ಲು

ಹಯಗ್ರೀವರಿಗೆ ಹಳೆಯ ಕಾಗದ ಕಂಡರೆ ಹಬ್ಬ. ಮೈಸೂರಿನಲ್ಲಿ ತಾಮ್ರಶಾಸನ ಓದುತ್ತಾ ತಲೆ ನರೆಸಿಕೊಂಡವರು, ಸಿಂಗಾಪುರಕ್ಕೆ ಇತಿಹಾಸದ ಪ್ರೊಫೆಸರ್ ಆಗಿ ಬಂದ ಮೇಲೆ ಸ್ಕಾಟ್ಲೆಂಡಿನವರ ಹಳೆಯ ಮೋಡಿ ಅಕ್ಷರವನ್ನೂ ಪಳಗಿಸಿಕೊಂಡಿದ್ದರು. ತಾವು ಓದಲಾಗದ ಬರಹ ಭೂಮಿಯ ಮೇಲಿಲ್ಲ ಎಂಬ ಸಣ್ಣ ಜಂಬವೂ ಇತ್ತು. ಇರಲಿ, ಜಂಬ ಯಾರಿಗಿಲ್ಲ? ಅದರ ದಂಡ ಇನ್ನೊಬ್ಬರು ತೆರುವಂತಾಗಬಾರದು, ಅಷ್ಟೆ.

ಆ ಸಲ ದಂಡ ತೆತ್ತವಳು ಮೊರಾಗ್ ಎಂಬ ಮುದುಕಿ. ಸ್ಕಾಟ್ಲೆಂಡಿನ ಒಂದು ಕಣಿವೆಯಲ್ಲಿ ಆಕೆಯ ಮನೆ, ಹಿಂದೆ ಕುರಿ ಮೇಯುವ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಸೀಸದ ಅದಿರು. ಅಗೆಯಲು ಹೊರಟ ಕಂಪನಿ ಸಿಂಗಾಪುರದ್ದು. ಅದಿರು ಕಂಪನಿಯದೆಂದು ಸಾಬೀತಾದರೆ ಮನೆ ಖಾಲಿ ಮಾಡಬೇಕು, ಜಗಳ ಬಂದರೆ ತೀರ್ಮಾನ ಸಿಂಗಾಪುರದಲ್ಲೇ ಎಂಬ ಒಪ್ಪಂದಕ್ಕೆ ಆಕೆಯ ಅಪ್ಪ ಯಾವಾಗಲೋ ರುಜು ಹಾಕಿ ಸತ್ತಿದ್ದ. ಹಾಗಾಗಿ ಎಪ್ಪತ್ತು ದಾಟಿದ ಹೆಂಗಸು ಈ ಸೆಕೆಗೆ ಬಂದು ಬಿದ್ದಿದ್ದಳು. ಆಕೆಯ ವಕೀಲೆ ನಮ್ಮ ಆಶ್ರಿತಾ, ಕನ್ನಡ ಸಂಘದಲ್ಲಿ ಹಯಗ್ರೀವರನ್ನು ಅಂಕಲ್ ಎನ್ನುವ ಹುಡುಗಿ. ಮುದುಕಿಯ ಅಟ್ಟದಲ್ಲಿ ಸಿಕ್ಕ ನಾನೂರು ವರ್ಷದ ಚರ್ಮದ ಹಾಳೆ ಓದಲು ಎಡಿನ್‌ಬರೋದ ಪಂಡಿತರು ಮೂರು ತಿಂಗಳು ಕೇಳಿದರು. ಹಯಗ್ರೀವರು ಒಂದು ವಾರ ಸಾಕು ಎಂದರು.

ಚೋವಾ ಚು ಕಾಂಗ್ ಬಡಾವಣೆಯ ತಮ್ಮ ಮನೆಯಲ್ಲಿ ಹಾಳೆಯ ಫೋಟೋವನ್ನು ಪರದೆ ತುಂಬ ದೊಡ್ಡದು ಮಾಡಿಕೊಂಡು ಕೂತರು. ವಾರ ಮುಗಿಯುವ ಮೊದಲೇ ಅವರು ಕುಣಿಯುವುದೊಂದು ಬಾಕಿ. ಅಲ್ಲಿನ ಜಮೀನುದಾರ ಮೊರಾಗ್‌ಳ ಪೂರ್ವಜನಿಗೆ ಗುಡ್ಡ ಬರೆದುಕೊಟ್ಟಿದ್ದ. ಬರೀ ಗುಡ್ಡವಲ್ಲ, ಕಾಡು, ಹುಲ್ಲು, ತೊರೆ, ಕಲ್ಲು, ಸೀಸ, ಕಂಡದ್ದು, ಕಾಣದ್ದು ಎಲ್ಲ.

"ಶಾಮಲಾ, ಇಲ್ನೋಡೇ! ನಮ್ಮ ಅಷ್ಟಭೋಗನೇ ಇದು. ನಿಧಿ, ನಿಕ್ಷೇಪ, ಜಲ, ಪಾಷಾಣ... ಒಂದೂ ಬಿಟ್ಟಿಲ್ಲ!"

ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. "ಪೂರ್ತಿ ಚೆಕ್ ಮಾಡಿ ಆಮೇಲೆ ಹೇಳಿ ಅವರಿಗೆ. ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ಬೇಡಿ."

"ಇನ್ನೇನ್ ಚೆಕ್ ಮಾಡೋದು? ಬರೆದುಕೊಟ್ಟ ಮೇಲೆ ಆಯ್ತಲ್ಲ!"

ನಮ್ಮ ಶಾಸನಗಳಲ್ಲಿ ಆಯಿತು, ನಿಜ. ಧಾರೆ ಎರೆದು ಕೊಟ್ಟೆವೆಂದು ತಾಮ್ರದ ತಗಡಿನ ಮೇಲೆ ಕೊರೆದರೆ ಕೊಟ್ಟಂತೆಯೇ. ಜೀವಮಾನವೆಲ್ಲ ಅದನ್ನೇ ಓದಿದವರಿಗೆ ಬೇರೆ ಕಡೆ ಬೇರೆ ಪದ್ಧತಿ ಇರಬಹುದೆಂದು ಹೊಳೆಯಲೇ ಇಲ್ಲ.

ಆ ಶುಕ್ರವಾರ ಕಂಪನಿ ರಾಜಿಗೆ ಬಂತು. ಗುಡ್ಡ ಬಿಟ್ಟುಕೊಟ್ಟರೆ ಮನೆಯನ್ನೂ ಹಿತ್ತಲನ್ನೂ ಮುಟ್ಟುವುದಿಲ್ಲ, ಸಂಜೆಯೊಳಗೆ ಉತ್ತರ ಬೇಕು. ಆಶ್ರಿತಾ ಫೋನ್ ಮಾಡಿದಳು.

"ಅಂಕಲ್, ನೀವು ಶ್ಯೂರ್ ತಾನೆ? ಇಲ್ಲಾಂದ್ರೆ ಸೆಟಲ್ ಮಾಡಿಸ್ಬಿಡ್ತೀನಿ. ಪಾಪ, ಅವರಿಗೆ ಮನೆ ಉಳಿದ್ರೆ ಸಾಕು."

"ಮನೆ ಏನಮ್ಮ, ಪಾತಾಳದವರೆಗೂ ಅವರದೇ. ಸೈನ್ ಮಾಡಬೇಡಿ ಅನ್ನು."

ಮೊರಾಗ್ ರುಜು ಹಾಕಲಿಲ್ಲ.

ವಿಚಾರಣೆಯ ದಿನ ಹಯಗ್ರೀವರು ಸೂಟು ತೊಟ್ಟು ಹೋಗಿ ಹಾಳೆಯನ್ನು ಸೊಗಸಾಗಿ ಓದಿದರು. ಮುದುಕಿ ಕಣ್ಣೊರೆಸಿಕೊಂಡಳು. ಆಮೇಲೆ ಕಂಪನಿಯ ವಕೀಲ ಎದ್ದು, ಬಹಳ ಒಳ್ಳೆಯವನ ಹಾಗೆ ನಗುತ್ತಾ ಕೇಳಿದ: "ಪ್ರೊಫೆಸರ್, ಮಣ್ಣು ಕಲ್ಲು ಕೈಗಿಟ್ಟದ್ದು ಯಾವತ್ತು?"

"ಯಾವ ಮಣ್ಣು?"

ಅವನು ಮಕ್ಕಳಿಗೆ ಹೇಳುವಂತೆ ವಿವರಿಸಿದ. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಜಮೀನು ಬರುತ್ತಿರಲಿಲ್ಲ. ಕೊಡುವವನ ಕಡೆಯವನು ಅದೇ ನೆಲದ ಮೇಲೆ ನಿಂತು, ಸಾಕ್ಷಿಗಳೆದುರು, ಒಂದು ಹಿಡಿ ಮಣ್ಣನ್ನೂ ಒಂದು ಕಲ್ಲನ್ನೂ ಪಡೆಯುವವನ ಕೈಗಿಡಬೇಕು. ಇಟ್ಟದ್ದನ್ನು ನೋಟರಿ ದಾಖಲಿಸಬೇಕು. ಇಲ್ಲದಿದ್ದರೆ ಹಾಳೆ ಬರೀ ಬಾಯಿಮಾತು. ಮೊರಾಗ್‌ಳ ಪೂರ್ವಜನ ಕೈಗೆ ಯಾರೂ ಏನೂ ಇಟ್ಟ ದಾಖಲೆಯಿಲ್ಲ. ಕೆಲವು ವರ್ಷಗಳ ನಂತರ ಅದೇ ಗುಡ್ಡದ ಮಣ್ಣು, ಕಲ್ಲು ಬೇರೊಬ್ಬನ ಕೈಗೆ ಹೋದ ದಾಖಲೆ ಮಾತ್ರ ಇದೆ. ಕಂಪನಿಯ ಹಕ್ಕು ಅವನಿಂದ ಇಳಿದು ಬಂದದ್ದು.

"ಈ ಪದ್ಧತಿ ಪ್ರೊಫೆಸರ್‌ಗೆ ಗೊತ್ತಿತ್ತೆ?"

ಹಯಗ್ರೀವರು ಕನ್ನಡಕ ತೆಗೆದರು. "ಇಲ್ಲ" ಎಂದರು.

ತೀರ್ಪು ಬರಲು ಇನ್ನೂ ಕೆಲವು ವಾರವಿದ್ದರೂ ಬರುವುದೇನೆಂದು ಬಾಗಿಲು ಕಾಯುವವನಿಗೂ ತಿಳಿದಿತ್ತು. ಆಶ್ರಿತಾ ಮತ್ತೆ ರಾಜಿಗೆ ಓಡಿದಳು. ಆ ಮಾತು ಶುಕ್ರವಾರಕ್ಕೇ ಮುಗಿಯಿತಲ್ಲ ಎಂದು ಕಂಪನಿಯವರು ಕಳಿಸಿದರು.

ಹತ್ತಿರದ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಮೂವರೂ ಕೋಪಿ ಎಂಬ ಅಲ್ಲಿನ ಕಾಫಿ ಮುಂದಿಟ್ಟುಕೊಂಡು ಕೂತರು. ಹಯಗ್ರೀವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟೊಂದು ಶಾಸನ ಓದಿದ್ದೇನೆ, ಅವುಗಳಲ್ಲಿ ಒಂದರ ಹೊಲವನ್ನಾದರೂ ಹೋಗಿ ನೋಡಿದ್ದೇನೆಯೆ, ಈಗ ಅಲ್ಲಿ ಉಳುವವರು ಯಾರೆಂದು ಕೇಳಿದ್ದೇನೆಯೆ ಎಂದು ಒಳಗೊಳಗೇ ಕುದಿದರು. ಮುದುಕಿ ಬೈಯಲಿ ಎಂದು ಕಾದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ತಪ್ಪು ನನ್ನದು" ಎಂದರು ಕೊನೆಗೆ. "ನನ್ನ ಮಾತು ಕೇಳದೆ ಇದ್ದಿದ್ದರೆ ನಿಮ್ಮ ಮನೆ ಉಳೀತಿತ್ತು."

"ಹೌದು" ಎಂದಳು ಮೊರಾಗ್. ದನಿಯಲ್ಲಿ ಕೋಪವಿರಲಿಲ್ಲ, ಸಮಾಧಾನವೂ ಇರಲಿಲ್ಲ. ಲೋಟ ತಿರುಗಿಸುತ್ತಾ ಕೇಳಿದಳು: "ನೀವು ನಮ್ಮ ಗುಡ್ಡ ನೋಡಿಲ್ಲ, ಅಲ್ಲವಾ?"

"ಇಲ್ಲ."

"ನೋಡಿದವರ ಹಾಗೇ ಓದಿದಿರಿ. ಹೆಂಡತೀನ ಕರಕೊಂಡು ಒಂದ್ಸಲ ಬನ್ನಿ." ಚೀಲ ಹೆಗಲಿಗೇರಿಸಿಕೊಂಡು ಎದ್ದಳು. "ಮಾರ್ಚ್ ಒಳಗೆ ಬನ್ನಿ. ಅಲ್ಲೀವರೆಗೆ ಮನೆ ಇರುತ್ತೆ."